ನಿವೃತ್ತಿ ವಯಸ್ಸು ಏರಿದರೆ ಯುವಕರ ಕೆಲಸ ಹೋಗುತ್ತದೆಯೇ? ಫಾರ್ವರ್ಡ್‌ನಲ್ಲಿರುವುದು ಅರ್ಧ ಸತ್ಯ

ಸರ್ಕಾರಿ ನೌಕರರ ನಿವೃತ್ತಿ ವಯಸ್ಸು 60ರಿಂದ 62ಕ್ಕೆ ಏರಿದೆ, ಇನ್ನು ಯುವಕರಿಗೆ ಕೆಲಸವೇ ಇಲ್ಲ ಎಂಬ ಅರ್ಥದ ಸಂದೇಶವೊಂದು ಆಗಾಗ ಮೊಬೈಲ್‌ಗೆ ಬಂದು ಬೀಳುತ್ತದೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯ ಓದುಗರು ಇದನ್ನು ನಮಗೆ ಕಳುಹಿಸಿ ‘ನಿಜವಾ?’ ಎಂದು ಕೇಳುತ್ತಿರುತ್ತಾರೆ. ಕೇಳುವವರಲ್ಲಿ ಹೆಚ್ಚಿನವರು ಎಫ್‌ಡಿಎ, ಎಸ್‌ಡಿಎ, ಪಿಡಿಒ, ಶಿಕ್ಷಕರ ಪರೀಕ್ಷೆಗೆ ಓದುತ್ತಿರುವವರು.

ಮೊದಲು ಸುದ್ದಿಯ ಸತ್ಯಾಸತ್ಯತೆ ನೋಡೋಣ. ಕರ್ನಾಟಕದಲ್ಲಿ ರಾಜ್ಯ ಸರ್ಕಾರಿ ನೌಕರರ ನಿವೃತ್ತಿ ವಯಸ್ಸು 60. ಅದು 58ರಿಂದ 60ಕ್ಕೆ ಏರಿದ್ದು 2008ರ ಜುಲೈನಲ್ಲಿ. ಕೇಂದ್ರ ನೌಕರರಿಗೆ 1998ರಲ್ಲೇ 60 ಆಗಿತ್ತು. ಅದನ್ನು ಮತ್ತೆ ಬದಲಿಸುವ ಪ್ರಸ್ತಾವವಿಲ್ಲ ಎಂದು ಕೇಂದ್ರ ಸಚಿವ ಜಿತೇಂದ್ರ ಸಿಂಗ್ 2023ರ ಆಗಸ್ಟ್‌ನಲ್ಲಿ ಲೋಕಸಭೆಗೆ ತಿಳಿಸಿದ್ದರು. ಹಾಗಿದ್ದರೆ 62 ಎಂಬ ಅಂಕಿ ಎಲ್ಲಿಂದ ಬಂತು? ಪಕ್ಕದ ಆಂಧ್ರಪ್ರದೇಶ 2022ರ ಜನವರಿಯಲ್ಲಿ ತನ್ನ ನೌಕರರಿಗೆ 62 ಮಾಡಿತು, ತೆಲಂಗಾಣ 2021ರಲ್ಲಿ 61 ಮಾಡಿತು. ಅಲ್ಲಿನ ನಿಜವಾದ ಸುದ್ದಿ ಬಳ್ಳಾರಿ ಗಡಿ ದಾಟಿ ಇತ್ತ ಬರುವಷ್ಟರಲ್ಲಿ ರಾಜ್ಯದ ಹೆಸರು ಉದುರಿಹೋಗಿ, ಅಂಕಿ ಮಾತ್ರ ಉಳಿದಿರುವ ಸಾಧ್ಯತೆಯೇ ಹೆಚ್ಚು.

ಸುದ್ದಿ ಸುಳ್ಳು ಎಂದು ಮುಗಿಸಬಹುದಿತ್ತು. ಆದರೆ ಅದರ ಹಿಂದಿನ ಪ್ರಶ್ನೆ ಸುಳ್ಳಲ್ಲ. ಹಿರಿಯರು ಎರಡು ವರ್ಷ ಹೆಚ್ಚು ಕೂತರೆ ಕಿರಿಯರ ದಾರಿ ಕಟ್ಟುತ್ತದೆಯೇ? ಹಿಂದೊಮ್ಮೆ ಹೀಗೆ ಏರಿಸಿದಾಗ ಏನಾಯಿತು? ಇದನ್ನು ಕಣ್ಣಿಗೆ ಕಟ್ಟುವಂತೆ ತೋರಿಸುವ ಉದಾಹರಣೆ ನಮ್ಮ ತಾಲ್ಲೂಕು ಕಚೇರಿಗಳಲ್ಲಿಲ್ಲ, ವಿಮಾನದ ಕಾಕ್‌ಪಿಟ್‌ನಲ್ಲಿದೆ.

ಪ್ರಯಾಣಿಕರ ವಿಮಾನದ ಮುಂಭಾಗದಲ್ಲಿ ಎರಡೇ ಸೀಟು. ಎಡಗಡೆ ಕ್ಯಾಪ್ಟನ್, ಬಲಗಡೆ ಫಸ್ಟ್ ಆಫೀಸರ್, ಅಂದರೆ ಸಹ ಪೈಲಟ್. ಅಮೆರಿಕದ ದೊಡ್ಡ ಕಂಪನಿಗಳಲ್ಲಿ ಬಲದಿಂದ ಎಡಕ್ಕೆ ಯಾವಾಗ ಹೋಗಬೇಕು ಎಂಬುದನ್ನು ನಿರ್ಧರಿಸುವುದು ಜ್ಯೇಷ್ಠತಾ ಪಟ್ಟಿ. ಸೇರಿದ ದಿನಾಂಕದ ಪ್ರಕಾರ ಪ್ರತಿಯೊಬ್ಬರಿಗೂ ಒಂದು ನಂಬರ್ ಇರುತ್ತದೆ. ಯಾವ ವಿಮಾನ, ಯಾವ ಊರು, ಹಬ್ಬಕ್ಕೆ ರಜೆ ಸಿಗುತ್ತದೋ ಇಲ್ಲವೋ, ಎಲ್ಲವೂ ಆ ನಂಬರ್ ಮೇಲೆಯೇ. ಬೇರೆ ಕಂಪನಿಗೆ ಹೋದರೆ ಮತ್ತೆ ಪಟ್ಟಿಯ ಕೊನೆಗೆ. ಮೇಲಿನವರು ಇಳಿಯದೆ ಕೆಳಗಿನವರು ಏರುವಂತಿಲ್ಲ.

ಅಲ್ಲಿ ಪೈಲಟ್‌ಗಳ ನಿವೃತ್ತಿ ವಯಸ್ಸು ದಶಕಗಳ ಕಾಲ 60 ಇತ್ತು. 2006ರ ನವೆಂಬರ್‌ನಲ್ಲಿ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ಮಿತಿಯನ್ನು 65ಕ್ಕೆ ಏರಿಸಿತು. 2007ರ ಡಿಸೆಂಬರ್ 13ರಂದು ಅಮೆರಿಕ ಕೂಡ ಕಾನೂನು ಮಾಡಿ 65 ಎಂದಿತು. ಮರುದಿನದಿಂದ 60 ತುಂಬಿದ ಕ್ಯಾಪ್ಟನ್‌ಗಳು ಎಡ ಸೀಟಿನಲ್ಲೇ ಉಳಿದರು. ವಯಸ್ಸಿನ ಕಾರಣಕ್ಕೆ ಸೀಟು ಖಾಲಿಯಾಗುವುದು ಸುಮಾರು ಐದು ವರ್ಷ ನಿಂತುಹೋಯಿತು. ಅದರ ಮೇಲೆ 2008ರ ಆರ್ಥಿಕ ಕುಸಿತ ಬಂದು ವಿಮಾನಗಳ ಸಂಖ್ಯೆಯೂ ಹೆಚ್ಚಲಿಲ್ಲ. ನಾಳೆ ಕ್ಯಾಪ್ಟನ್ ಆಗುತ್ತೇನೆ ಎಂದುಕೊಂಡಿದ್ದವರು ಬಲ ಸೀಟಿನಲ್ಲೇ ವರ್ಷಗಳನ್ನು ಕಳೆದರು.

ಹಾಗಿದ್ದರೆ ಭಾರತದಲ್ಲೂ ಕಿರಿಯ ಪೈಲಟ್‌ಗಳ ಗತಿ ಇದೇ ಇರಬೇಕಲ್ಲವೇ? ಇಲ್ಲಿಯೂ ಮಿತಿ 65 ಇದೆ. ಆದರೆ 2023ರಲ್ಲಿ ಇಂಡಿಗೋ ಒಂದೇ ಬಾರಿಗೆ 500 ವಿಮಾನಗಳಿಗೆ, ಏರ್ ಇಂಡಿಯಾ 470 ವಿಮಾನಗಳಿಗೆ ಆರ್ಡರ್ ಕೊಟ್ಟವು. ಬರುವ ಪ್ರತಿ ವಿಮಾನವೂ ಹೊಸ ಎಡ ಸೀಟುಗಳನ್ನು ತರುತ್ತದೆ. ಸೀಟು ಹೆಚ್ಚುತ್ತಿರುವಲ್ಲಿ ಹಿರಿಯರು ಐದು ವರ್ಷ ಹೆಚ್ಚು ಹಾರಿಸಿದರೂ ಕಿರಿಯರಿಗೆ ಅಷ್ಟಾಗಿ ಬಿಸಿ ತಟ್ಟುವುದಿಲ್ಲ. ಸೀಟುಗಳ ಲೆಕ್ಕ ನಿಗದಿಯಾಗಿರುವಲ್ಲಿ ನೇರವಾಗಿ ತಟ್ಟುತ್ತದೆ. (ಜಕ್ಕೂರಿನ ಸರ್ಕಾರಿ ವೈಮಾನಿಕ ತರಬೇತಿ ಶಾಲೆಯ ಕನಸು ಕಾಣುವ ಹುಡುಗರಿಗೆ ಮಾತ್ರ ಒಂದು ಮಾತು: ವಿಮಾನಗಳ ಆರ್ಡರ್ ಎಂದರೆ ನಾಳೆಯೇ ಬರುವ ವಿಮಾನಗಳಲ್ಲ. ಅದನ್ನು ನಂಬಿ ಹೊಲ ಮಾರಬೇಡಿ.)

ಈಗ ನಮ್ಮ ತಾಲ್ಲೂಕುಗಳಿಗೆ ಬರೋಣ. ಸರ್ಕಾರಿ ಇಲಾಖೆಯಲ್ಲೂ ಜ್ಯೇಷ್ಠತಾ ಪಟ್ಟಿಯೇ ದೇವರು. ಮುಖ್ಯ ಶಿಕ್ಷಕರ ಹುದ್ದೆ, ಶಿರಸ್ತೇದಾರರ ಹುದ್ದೆ ಇಷ್ಟೇ ಎಂದು ಮಂಜೂರಾಗಿರುತ್ತದೆ. ಹಾಗಾಗಿ 2008ರಲ್ಲಿ ನಡೆದದ್ದು ಕಾಕ್‌ಪಿಟ್ ಕಥೆಯ ಪುಟ್ಟ ರೂಪ.

ಅದನ್ನು ಮೇ 31ರ ಲೆಕ್ಕದಲ್ಲಿ ನೋಡಿದರೆ ಸುಲಭ. ಹಳೆಯ ತಲೆಮಾರಿನ ಎಷ್ಟೋ ಜನರ ಹುಟ್ಟಿದ ದಿನ ದಾಖಲೆಯಲ್ಲಿ ಜೂನ್ 1. ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಂಡ ತಾರೀಖು ಅದು. ತಿಂಗಳ ಮೊದಲ ದಿನ ಹುಟ್ಟಿದವರು ಹಿಂದಿನ ತಿಂಗಳ ಕೊನೆಯ ದಿನ ನಿವೃತ್ತರಾಗುತ್ತಾರೆ. ಅದಕ್ಕೇ ಮೇ 31 ಬಂತೆಂದರೆ ಕಚೇರಿ ಕಚೇರಿಯಲ್ಲೂ ಶಾಲು, ಹಾರ, ಬೀಳ್ಕೊಡುಗೆ. 1950ರ ಜೂನ್ 1ರಂದು ಹುಟ್ಟಿದವರು 58 ತುಂಬಿ 2008ರ ಮೇ 31ಕ್ಕೆ ಮನೆಗೆ ಹೋದರು. ಅವರಿಗಿಂತ ಒಂದು ವರ್ಷ ಚಿಕ್ಕವರು 2009ಕ್ಕೆ ಹೋಗಬೇಕಿತ್ತು, ಹೊಸ ಆದೇಶದಿಂದಾಗಿ ಹೋಗಿದ್ದು 2011ರ ಮೇ 31ಕ್ಕೆ. ನಡುವಿನ ಎರಡು ಮೇ ತಿಂಗಳು ವಯೋನಿವೃತ್ತಿಯ ಹಾರ ತುರಾಯಿ ಇಲ್ಲದೆ ಕಳೆದವು. ಕೆಳಗಿನವರ ಬಡ್ತಿಯೂ ಅಷ್ಟು ಕಾಲ ನಿಂತಿತು.

ಆದರೆ ಗಮನಿಸಿ, 2011ರಿಂದ ಸಾಲು ಮೊದಲಿನ ವೇಗದಲ್ಲೇ ಮತ್ತೆ ಸರಿಯಿತು. ಎರಡು ವರ್ಷ ತಡವಾಗಿ ಮುಖ್ಯ ಶಿಕ್ಷಕರಾದವರಿಗೂ ಕೊನೆಯಲ್ಲಿ ಎರಡು ವರ್ಷ ಹೆಚ್ಚು ಸೇವೆ ಸಿಗುತ್ತದೆ. ಸಾಲಿನ ಒಳಗಿದ್ದವರಿಗೆ ಇದು ಬಹುಮಟ್ಟಿಗೆ ಸಾಲ ಕೊಟ್ಟು ವಾಪಸ್ ಪಡೆದಂತೆ. ಜೊತೆಗೆ ರಾಜ್ಯದಲ್ಲಿ 10 ವರ್ಷಕ್ಕೆ ಕಾಲಮಿತಿ ಬಡ್ತಿ, 15 ವರ್ಷಕ್ಕೆ ಸ್ವಯಂಚಾಲಿತ ವಿಶೇಷ ಬಡ್ತಿ ಎಂಬ ವ್ಯವಸ್ಥೆಯೂ ಇದೆ. ಕುರ್ಚಿ ಸಿಗದಿದ್ದರೂ ಸಂಬಳ ಒಂದಿಷ್ಟು ಏರುತ್ತದೆ.

ನಮ್ಮನ್ನು ಕಾಡುವುದು ಸಾಲಿನ ಹೊರಗೆ ನಿಂತವರ ಲೆಕ್ಕ. ರಾಜ್ಯದ ಹೆಚ್ಚಿನ ಹುದ್ದೆಗಳಿಗೆ ಅರ್ಜಿ ಹಾಕಲು ಸಾಮಾನ್ಯ ವರ್ಗಕ್ಕೆ 35, ಇತರ ಹಿಂದುಳಿದ ವರ್ಗಗಳಿಗೆ 38, ಪರಿಶಿಷ್ಟರು ಮತ್ತು ಪ್ರವರ್ಗ ಒಂದಕ್ಕೆ 40 ಎಂಬುದು ಮೂಲ ನಿಯಮ. ಶಿಕ್ಷಕರ ಹುದ್ದೆಗೆ ಮಿತಿ ಸ್ವಲ್ಪ ಹೆಚ್ಚು, ಆಗಾಗ ಸಡಿಲಿಕೆಯೂ ಸಿಗುತ್ತದೆ. ಹುದ್ದೆ ಖಾಲಿಯಾಗುವುದು ಎರಡು ವರ್ಷ ನಿಂತರೆ, 34 ವಯಸ್ಸಿನ ಸಾಮಾನ್ಯ ವರ್ಗದ ಅಭ್ಯರ್ಥಿಗೆ 36 ಆಗಿಬಿಡುತ್ತದೆ. ಒಳಗಿರುವವರಿಗೆ ಎರಡು ವರ್ಷ ಕೊನೆಯಲ್ಲಿ ವಾಪಸ್ ಬರುತ್ತದೆ, ಇವರಿಗೆ ಬರುವುದಿಲ್ಲ. ನಿವೃತ್ತಿ ವಯಸ್ಸು ಏರಿಸುವ ಸರ್ಕಾರ ಅದೇ ಆದೇಶದಲ್ಲಿ ಅರ್ಜಿಯ ವಯೋಮಿತಿಯನ್ನೂ ಅಷ್ಟೇ ಏರಿಸಬೇಕು ಎಂಬುದು ನಮ್ಮ ಅಭಿಪ್ರಾಯ. ಫಾರ್ವರ್ಡ್‌ಗಳು ಈ ಬೇಡಿಕೆಯನ್ನು ಎತ್ತುವುದೇ ಇಲ್ಲ.

ಇನ್ನು ‘58 ದಾಟಿದವರನ್ನೆಲ್ಲ ಮನೆಗೆ ಕಳಿಸಿದರೆ ಎಲ್ಲರಿಗೂ ಕೆಲಸ’ ಎಂಬ ವಾದ. ಒಂದು ನಿವೃತ್ತಿಗೆ ಒಂದು ನೇಮಕಾತಿ ಎಂಬ ಲೆಕ್ಕವೇ ತಪ್ಪು. ಮುಖ್ಯ ಶಿಕ್ಷಕರು ನಿವೃತ್ತರಾದರೆ ಆ ಜಾಗಕ್ಕೆ ಬಡ್ತಿಯಿಂದ ಒಬ್ಬರು ಬರುತ್ತಾರೆ. ಕೊನೆಗೆ ಕೆಳಗೆ ಖಾಲಿಯಾದ ಹುದ್ದೆಯನ್ನು ತುಂಬಲು ಆರ್ಥಿಕ ಇಲಾಖೆ ಒಪ್ಪಬೇಕು, ಅಧಿಸೂಚನೆ ಹೊರಡಬೇಕು, ಪರೀಕ್ಷೆ ನಡೆಯಬೇಕು, ಕೋರ್ಟ್ ತಡೆ ಬೀಳದಿರಬೇಕು. ರಾಜ್ಯದಲ್ಲಿ ಮಂಜೂರಾದ ಹುದ್ದೆ ಸುಮಾರು 7.7 ಲಕ್ಷ. ಅದರಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಖಾಲಿ ಇರುವುದನ್ನು ಸರ್ಕಾರವೇ ಒಪ್ಪಿಕೊಂಡಿದೆ. ಆ ಕುರ್ಚಿಗಳಲ್ಲಿ ಯಾವ ಹಿರಿಯರೂ ಕೂತಿಲ್ಲ. 2024ರ ಅಕ್ಟೋಬರ್ ಕೊನೆಯಲ್ಲಿ ಒಳಮೀಸಲಾತಿ ತೀರ್ಮಾನವಾಗುವ ತನಕ ಹೊಸ ಅಧಿಸೂಚನೆ ಬೇಡ ಎಂದು ಸಚಿವ ಸಂಪುಟ ನಿರ್ಧರಿಸಿತು, ಮೀಸಲಾತಿಯ ಹಂಚಿಕೆಗೆ ಸಂಪುಟ ಒಪ್ಪಿದ್ದು 2025ರ ಆಗಸ್ಟ್‌ನಲ್ಲಿ. ಒಳಮೀಸಲಾತಿಯ ಬೇಡಿಕೆ ನ್ಯಾಯದ್ದೇ. ಆದರೆ ಅಷ್ಟು ತಿಂಗಳು ಅಭ್ಯರ್ಥಿಗಳ ವಯಸ್ಸು ನಿಂತಿರಲಿಲ್ಲ, ಅದಕ್ಕೂ ನಿವೃತ್ತಿಗೂ ಸಂಬಂಧವೂ ಇರಲಿಲ್ಲ.

ನಮ್ಮ ಐದು ತಾಲ್ಲೂಕುಗಳಿಗೆ ಇದು ಇನ್ನೂ ಹತ್ತಿರದ ವಿಷಯ. ಹೊಸಪೇಟೆ ಬಿಟ್ಟರೆ ವಿಜಯನಗರ ಜಿಲ್ಲೆ ಎಂದರೆ ಈ ಐದೇ. ತೋರಣಗಲ್ಲಿನಂಥ ಕಾರ್ಖಾನೆಗಳು ಇಲ್ಲಿಲ್ಲ, ಬಹುಪಾಲು ಮಳೆ ನಂಬಿದ ಬೇಸಾಯ. 371(ಜೆ) ವಿಧಿಯಡಿ ಕಲ್ಯಾಣ ಕರ್ನಾಟಕದ ಸ್ಥಳೀಯ ಹುದ್ದೆಗಳಲ್ಲಿ ಗ್ರೂಪ್ ‘ಸಿ’ಗೆ ಶೇ 80, ಗ್ರೂಪ್ ‘ಡಿ’ಗೆ ಶೇ 85 ಸ್ಥಳೀಯರಿಗೇ ಮೀಸಲು. 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿದ್ದ ಹರಪನಹಳ್ಳಿ ಹೋರಾಟ ಮಾಡಿ 2018ರಲ್ಲಿ ಬಳ್ಳಾರಿಗೆ ಮರಳಿದ್ದು ಮುಖ್ಯವಾಗಿ ಈ ಸೌಲಭ್ಯಕ್ಕಾಗಿಯೇ. ಆದರೆ ಮೀಸಲಿಟ್ಟ ಹುದ್ದೆಯನ್ನು ತುಂಬದಿದ್ದರೆ ಆ ಶೇ 80 ಬರೀ ಕಾಗದದ ಮೇಲಿನ ಅಂಕಿ. ಖಾಲಿ ಶಿಕ್ಷಕರ ಹುದ್ದೆಯಲ್ಲಿ ಅದೇ ಊರಿನ ಬಿ.ಇಡಿ ಮುಗಿಸಿದವರು ತಿಂಗಳಿಗೆ ಹತ್ತು ಹನ್ನೆರಡು ಸಾವಿರದ ಗೌರವಧನಕ್ಕೆ ಅತಿಥಿ ಶಿಕ್ಷಕರಾಗಿ ಪಾಠ ಮಾಡುತ್ತಿರುತ್ತಾರೆ. ಕೆಲಸ ಇದೆ, ಹುದ್ದೆ ಇದೆ, ನೇಮಕಾತಿ ಇಲ್ಲ.

ಸಂಶೋಧನೆಗಳು ಏನು ಹೇಳುತ್ತವೆ? ಜೊನಾಥನ್ ಗ್ರೂಬರ್ ಮತ್ತು ಡೇವಿಡ್ ವೈಸ್ ಎಂಬ ಅರ್ಥಶಾಸ್ತ್ರಜ್ಞರ ನೇತೃತ್ವದಲ್ಲಿ 12 ದೇಶಗಳನ್ನು ಹೋಲಿಸಿ ನಡೆದ, 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹಿರಿಯರು ಹೆಚ್ಚು ಕಾಲ ದುಡಿದದ್ದರಿಂದ ದೇಶದ ಒಟ್ಟಾರೆ ಯುವಜನರ ಉದ್ಯೋಗ ಕಡಿಮೆಯಾದದ್ದಕ್ಕೆ ಪುರಾವೆ ಸಿಗಲಿಲ್ಲ. ದುಡಿಯುವ ಹಿರಿಯರು ಖರ್ಚನ್ನೂ ಮಾಡುತ್ತಾರೆ, ಅದರಿಂದ ಬೇರೆ ಕೆಲಸಗಳು ಹುಟ್ಟುತ್ತವೆ. ಇಟಲಿ 2011ರಲ್ಲಿ ಪಿಂಚಣಿ ವಯಸ್ಸನ್ನು ಒಮ್ಮೆಲೇ ಏರಿಸಿದಾಗ ಮಾತ್ರ, ನಿವೃತ್ತಿ ಮುಂದಕ್ಕೆ ಹೋದವರು ಹೆಚ್ಚಿದ್ದ ಕಂಪನಿಗಳಲ್ಲಿ ಕಿರಿಯ ಸಹೋದ್ಯೋಗಿಗಳ ಬಡ್ತಿ ಮತ್ತು ಸಂಬಳದ ಏರಿಕೆ ನಿಧಾನವಾದದ್ದು ಕಂಡುಬಂತು. ಎರಡರಲ್ಲಿ ವಿರೋಧವಿಲ್ಲ. ಮೊದಲನೆಯದು ಇಡೀ ದೇಶದ ಲೆಕ್ಕ, ಎರಡನೆಯದು ಒಂದೇ ಕಚೇರಿಯೊಳಗಿನ ಏಣಿಯ ಲೆಕ್ಕ.

ಸರ್ಕಾರಗಳಿಗೆ ನಿವೃತ್ತಿ ವಯಸ್ಸು ಏರಿಸುವ ಆಸೆ ಹುಟ್ಟುವುದಕ್ಕೆ ಕಾರಣವೂ ಸರಳ. ಒಂದೇ ವರ್ಷ ಸಾವಿರಾರು ಜನರಿಗೆ ಗ್ರಾಚ್ಯುಟಿ, ರಜೆ ನಗದೀಕರಣದ ಗಂಟು ಕೊಡುವುದನ್ನು ಎರಡು ವರ್ಷ ಮುಂದೂಡಬಹುದು. ಖಜಾನೆ ಬಿಗಿಯಾದಾಗ ಈ ಮಾತು ಮತ್ತೆ ಬಂದೇ ಬರುತ್ತದೆ.

ಮುಂದಿನ ಸಲ ಫಾರ್ವರ್ಡ್ ಬಂದಾಗ ಅದರಲ್ಲಿ ರಾಜ್ಯದ ಹೆಸರು ಇದೆಯೇ ನೋಡಿ. ಕರ್ನಾಟಕದಲ್ಲಿ ವಯಸ್ಸು ಬದಲಾಗಬೇಕಾದರೆ ಕರ್ನಾಟಕ ನಾಗರಿಕ ಸೇವಾ ನಿಯಮಗಳಿಗೆ ತಿದ್ದುಪಡಿ ಆಗಬೇಕು, ಅದು ರಾಜ್ಯಪತ್ರದಲ್ಲಿ ಪ್ರಕಟವಾಗಬೇಕು. ಆದೇಶದ ಸಂಖ್ಯೆ, ದಿನಾಂಕ ಇಲ್ಲದ ಸಂದೇಶವನ್ನು ಮುಂದೆ ಕಳುಹಿಸುವ ಮುನ್ನ ತಾಲ್ಲೂಕಿನ ಖಜಾನೆಯಲ್ಲೋ ಬಿಇಒ ಕಚೇರಿಯಲ್ಲೋ ಪರಿಚಯದವರಿದ್ದರೆ ಒಂದು ಮಾತು ಕೇಳಿ. ತಮ್ಮ ನಿವೃತ್ತಿಯ ತಾರೀಖು ಬದಲಾಗಿದ್ದರೆ ಅವರಿಗೆ ಎಲ್ಲರಿಗಿಂತ ಮೊದಲೇ ಗೊತ್ತಿರುತ್ತದೆ.