ಗೆರೆಯ ಹಿಂದಿನ ಲೆಕ್ಕವನ್ನೂ ಕಲಿಸಬೇಕು

ಬನಹಟ್ಟಿಯ ಜಕಾರ್ಡ್ ಮಗ್ಗದ ಮುಂದೆ ಒಮ್ಮೆ ನಿಂತವರಿಗೆ ಕಂಪ್ಯೂಟರ್ ಗ್ರಾಫಿಕ್ಸ್ ತೀರ ಅಪರಿಚಿತ ವಿದ್ಯೆ ಎನಿಸಲಾರದು. ಸೆರಗಿನ ಹೂವನ್ನು ಮೊದಲು ಗ್ರಾಫ್ ಹಾಳೆಯ ಮೇಲೆ ಬಿಡಿಸುತ್ತಾರೆ. ಅದರ ಒಂದೊಂದು ಸಾಲೂ ಹೊಕ್ಕಿನ ಒಂದೊಂದು ಎಳೆ, ಒಂದೊಂದು ಕಾರ್ಡು. ತುಂಬಿದ ಚೌಕ ಕಾರ್ಡಿನಲ್ಲಿ ರಂಧ್ರವಾಗುತ್ತದೆ. ರಂಧ್ರವಿದ್ದಲ್ಲಿ ಹಾಸಿನ ಎಳೆ ಮೇಲೇಳುತ್ತದೆ. 1804ರ ಈ ಫ್ರೆಂಚ್ ಯುಕ್ತಿಗೂ ಪರದೆಯ ಚುಕ್ಕೆಗಳಿಗೂ ತತ್ವ ಒಂದೇ.

ಚೌಕಗಳಲ್ಲಿ ಓರೆ ಗೆರೆ ಎಳೆಯುವುದು ಮಾತ್ರ ಕಷ್ಟ. ಯಾವ ಚೌಕ ತುಂಬಬೇಕು, ಯಾವುದನ್ನು ಬಿಡಬೇಕು? ಪೂರ್ಣಾಂಕಗಳ ಕೂಡು-ಕಳೆಯಿಂದಲೇ ಪ್ರತಿ ಹೆಜ್ಜೆಯನ್ನೂ ನಿರ್ಧರಿಸುವ ವಿಧಾನವನ್ನು ಐಬಿಎಂನ ಜ್ಯಾಕ್ ಬ್ರೆಸೆನ್‌ಹ್ಯಾಮ್ 1962ರಲ್ಲಿ ರೂಪಿಸಿದರು. ನಿವೃತ್ತಿಯ ಬಿಡುವಿನಲ್ಲಿ ಅದನ್ನು ಪೈಥಾನ್‌ನಲ್ಲಿ ಬರೆಯಲು ನನಗೆ ನಾಲ್ಕು ದಿನ ಬೇಕಾಯಿತು. ಮೊದಲ ಗೆರೆ ಪರದೆ ದಾಟಿ ಎಲ್ಲೋ ಹೊರಟುಹೋಯಿತು. ಅರ್ಥಶಾಸ್ತ್ರ ಓದಿದವನಿಗೆ ರೇಖೆಗಳು ಹೀಗೆ ಕೈಕೊಡುವುದು ಹೊಸದೇನಲ್ಲ.

ಈ ವಯಸ್ಸಿನಲ್ಲಿ ಇದೇಕೆ ಎಂದರೆ, ಹಳೆಯ ನೆನಪೊಂದಿದೆ. ಆಲಮಟ್ಟಿ ಹಿನ್ನೀರಿನಿಂದಾಗಿ ಬೀಳಗಿ ತಾಲ್ಲೂಕಿನ ಹಳ್ಳಿಗಳು ಸ್ಥಳಾಂತರಗೊಂಡಾಗ ಪುನರ್ವಸತಿ ಬಡಾವಣೆಗಳ ನಕ್ಷೆಗಳನ್ನು ನಾನು ಕಡತಗಳಲ್ಲಿ ನೋಡುತ್ತಿದ್ದೆ. ರಸ್ತೆಯ ಅಗಲ ಕೊಂಚ ಬದಲಾದರೂ ಸಾಲಿನ ನಿವೇಶನಗಳೆಲ್ಲ ಸರಿಯುತ್ತಿದ್ದವು. ಇಡೀ ಹಾಳೆಯನ್ನು ಮತ್ತೆ ಬರೆಯಬೇಕಿತ್ತು. ಅಷ್ಟು ದಿನ ಕುಟುಂಬಗಳು ಕಾಯಬೇಕಿತ್ತು. ರಸ್ತೆಯ ಅಗಲ, ನಿವೇಶನದ ಉದ್ದಗಲಗಳನ್ನು ಕೇಳಿ ನಕ್ಷೆಯನ್ನು ತಾನೇ ಬರೆಯುವ ಪುಟ್ಟ ಪ್ರೋಗ್ರಾಮ್ ಇದ್ದರೆ ಅದು ನಿಮಿಷಗಳ ಕೆಲಸ. ಆಟೊಕ್ಯಾಡ್‌ನೊಳಗೆ ಇದಕ್ಕೆಂದೇ ಆಟೊಲಿಸ್ಪ್ ಎಂಬ ಭಾಷೆ 1986ರಿಂದ ಇದೆ. ಮೊದಲ ನಕ್ಷೆಗೆ ಶ್ರಮ ಹೆಚ್ಚು, ನೂರನೆಯದಕ್ಕೆ ಬಹುತೇಕ ಶೂನ್ಯ. ಸೀಮಾಂತ ವೆಚ್ಚ ಎಂದು ನಾವು ಓದಿದ್ದು ಇದನ್ನೇ.

ಆದರೆ ನಮ್ಮಲ್ಲಿ ಕಲಿಸುವುದು ಬಹುಪಾಲು ಗುಂಡಿ ಒತ್ತುವುದನ್ನು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2018ರ ಪಠ್ಯಕ್ರಮದಲ್ಲಿ ಎಲ್ಲ ಶಾಖೆಯವರೂ ಮೊದಲ ವರ್ಷ ತಂತ್ರಾಂಶ ಬಳಸಿ ಚಿತ್ರ ಬರೆಯುತ್ತಿದ್ದರು; ಬ್ರೆಸೆನ್‌ಹ್ಯಾಮ್ ವಿಧಾನ ಕಂಪ್ಯೂಟರ್ ಸೈನ್ಸ್ ಶಾಖೆಯ ಆರನೇ ಸೆಮಿಸ್ಟರಿನ ಪ್ರಯೋಗಾಲಯದಲ್ಲಿತ್ತು. ಮೆಕ್ಯಾನಿಕಲ್ ಓದಿದ ಜಮಖಂಡಿಯ ಹುಡುಗ ಮುಧೋಳದ ಸಕ್ಕರೆ ಕಾರ್ಖಾನೆಗೆ ಪೈಪಿನ ನಕ್ಷೆ ಬರೆಯಬಲ್ಲ. ಅಳತೆ ಬದಲಾದರೆ ಮತ್ತೆ ಮೌಸ್ ಹಿಡಿದು ಕೂರುತ್ತಾನೆ. ತಂತ್ರಾಂಶದ ಆವೃತ್ತಿ ಬದಲಾದರೆ ಕಲಿತದ್ದರಲ್ಲಿ ಅರ್ಧ ಹೋಯಿತು.

ಈಗ ಕೃತಕ ಬುದ್ಧಿಮತ್ತೆಯೇ ಪ್ರೋಗ್ರಾಮ್ ಬರೆದುಕೊಡುತ್ತದಲ್ಲ ಎನ್ನುವವರಿದ್ದಾರೆ. ಕೊಡುತ್ತದೆ, ನಿಜ. ಅದು ಬರೆದ ನಕ್ಷೆಯಲ್ಲಿ ನಿವೇಶನವೊಂದು ಮೂರು ಅಡಿ ಕಡಿಮೆಯಾಗಿದ್ದರೆ ಹಿಡಿಯುವವರು ಯಾರು? ಸಹಿ ಹಾಕುವವನು ಮನುಷ್ಯನೇ.

ರಬಕವಿ-ಬನಹಟ್ಟಿಯ ಒಂದು ಕಾಲೇಜಾದರೂ ಈ ಪಾಠವನ್ನು ಕನ್ನಡದಲ್ಲಿ, ಗ್ರಾಫ್ ಹಾಳೆಯಿಂದ ಶುರುಮಾಡಲಿ. ಮೊದಲ ವಾರ ಕಂಪ್ಯೂಟರ್ ಬೇಡ. ಸೀರೆಗೆ ವಿನ್ಯಾಸ ಬಿಡಿಸುವ ಹಿರಿಯರೊಬ್ಬರನ್ನು ಗೌರವಧನ ಕೊಟ್ಟು ಕರೆಸಿ, ಓರೆ ಗೆರೆಗೆ ಅವರು ಚೌಕ ಆರಿಸುವ ಬಗೆಯನ್ನು ಮಕ್ಕಳು ನೋಡಲಿ. ಎರಡನೆಯ ವಾರ ಅದನ್ನೇ ಪ್ರೋಗ್ರಾಮ್ ಆಗಿ ಬರೆಯಲಿ.