ಎತ್ತುವ ಬಲ, ಓಡುವ ಕಸುವು

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳ ಮೈದಾನಗಳಲ್ಲಿ ಮುಂಜಾನೆ ಪೊಲೀಸ್ ನೇಮಕಾತಿಗೆಂದು ಓಡುವ ತರುಣ ತರುಣಿಯರನ್ನು ಕಾಣುತ್ತೇವೆ. ಸಂಜೆಯ ವ್ಯಾಯಾಮಶಾಲೆಯಲ್ಲಿ ಭಾರ ಎತ್ತುವ ಗುಂಪು ಬೇರೆ. ಭಾರ ಎತ್ತಿದರೆ ಕಾಲು ಜಡವಾಗುವುದೆಂದು ಓಡುವವರೂ, ಓಡಿದರೆ ಮೈಯ ಬಲ ಇಳಿಯುವುದೆಂದು ಎತ್ತುವವರೂ ನಂಬಿದ್ದಾರೆ. ಈ ನಂಬಿಕೆ ಅರ್ಧ ಮಾತ್ರ ನಿಜವೆಂಬುದು ನಮ್ಮ ಅಭಿಪ್ರಾಯ.

ಹೊರದೇಶಗಳಲ್ಲಿ ಈಚೆಗೆ ಒಂದು ಪಂಥ ಹುಟ್ಟಿಕೊಂಡಿದೆ. ಒಂದೇ ದಿನದಲ್ಲಿ 500 ಪೌಂಡು, ಎಂದರೆ ಸುಮಾರು 227 ಕಿಲೋಗ್ರಾಂ ಭಾರವನ್ನು ನೆಲದಿಂದೆತ್ತಿ ನೆಟ್ಟಗೆ ನಿಲ್ಲಬೇಕು. ಒಂದು ಮೈಲಿಯನ್ನು 5 ನಿಮಿಷದೊಳಗೆ ಓಡಬೇಕು. ಹೀಗೆ ಎತ್ತುವುದಕ್ಕೆ ‘ಡೆಡ್‌ಲಿಫ್ಟ್’ ಎಂದು ಹೆಸರು. ನಮ್ಮ ವಿದ್ಯಾರ್ಥಿಗಳ ಮುಂದಿರುವ ಪಂಥ ಇದಕ್ಕಿಂತ ಕಿರಿದು, ಆದರೆ ಜಾತಿ ಒಂದೇ. ಈಚಿನ ವರ್ಷಗಳ ಕಾನ್‌ಸ್ಟೇಬಲ್ ನೇಮಕಾತಿಗಳಲ್ಲಿ ಪುರುಷರು 1600 ಮೀಟರನ್ನು 6 ನಿಮಿಷ 30 ಸೆಕೆಂಡಿನೊಳಗೆ, ಮಹಿಳೆಯರು 400 ಮೀಟರನ್ನು 2 ನಿಮಿಷದೊಳಗೆ ಓಡಬೇಕಾಗಿತ್ತು. ಜೊತೆಗೆ ಜಿಗಿತ, ಗುಂಡು ಎಸೆತ. ಚನ್ನಪಟ್ಟಣದಲ್ಲಿಯೇ ಪೊಲೀಸ್ ತರಬೇತಿ ಶಾಲೆಯಿದೆ; ಆದರೆ ಒಂದು ಸೆಕೆಂಡು ತಡವಾದರೂ ಅದರ ಬಾಗಿಲು ದೂರವಾಗುತ್ತದೆ.

ಇನ್ನು ಲೆಕ್ಕ ನೋಡೋಣ. 100 ಕಿಲೋಗ್ರಾಂ ಭಾರವನ್ನು ಅರ್ಧ ಮೀಟರು ಎತ್ತಿದರೆ ಆಗುವ ಕೆಲಸ 490 ಜೂಲ್. ಮಾಂಸಖಂಡಗಳು ಶಕ್ತಿಯ ಕಾಲುಭಾಗವನ್ನಷ್ಟೇ ಕೆಲಸವಾಗಿ ಮಾರ್ಪಡಿಸುವುದರಿಂದ ದೇಹದ ಖರ್ಚು ಸುಮಾರು 2000 ಜೂಲ್. 60 ಕಿಲೋಗ್ರಾಂ ತೂಕದವನು 1600 ಮೀಟರು ಓಡಿದರೆ ಖರ್ಚು ಹತ್ತಿರ ಹತ್ತಿರ 4 ಲಕ್ಷ ಜೂಲ್, ಇನ್ನೂರು ಪಟ್ಟು! ಹಾಗಾದರೆ ಎತ್ತುವುದು ಸುಲಭವೇ? ಅಲ್ಲ. ಅಲ್ಲಿ ಬೇಕಾದುದು ಶಕ್ತಿಯ ಮೊತ್ತವಲ್ಲ, ಒಮ್ಮೆಲೇ ಹೊಮ್ಮುವ ಬಲ. ಭಾರವು ಸೊಂಟದ ಬೆನ್ನೆಲುಬಿನಿಂದ 30 ಸೆಂಟಿಮೀಟರು ಮುಂದಿದ್ದರೆ, ಕೇವಲ 5–6 ಸೆಂಟಿಮೀಟರು ಹಿಂದಿರುವ ಬೆನ್ನಿನ ಮಾಂಸಖಂಡಗಳು ಸನ್ನೆಯ ನಿಯಮದಂತೆ ಅದರ ಐದು ಪಟ್ಟಿಗೂ ಹೆಚ್ಚು ಬಲದಿಂದ ಎಳೆಯಬೇಕು. ಸರಳು ಮೊಣಕಾಲ ಕೆಳಗಿನ ಮೂಳೆಗೆ ತಾಗುವಂತಿರಬೇಕೆಂಬ ಮಾತಿನ ಮರ್ಮವಿದು. ಓಟದಲ್ಲಿಯಾದರೋ ಶಕ್ತಿಯನ್ನು ನಿಮಿಷಗಟ್ಟಲೆ ಒದಗಿಸಬೇಕು. ಅದಕ್ಕೆ ಆಮ್ಲಜನಕ ಬೇಕು, ಗುಂಡಿಗೆ ಪಳಗಬೇಕು.

ಇವೆರಡೂ ಒಂದೇ ದೇಹದಲ್ಲಿ ಕೂಡಿ ಬಾಳುವುವೇ? ಅಮೆರಿಕದ ರಾಬರ್ಟ್ ಹಿಕ್ಸನ್ 1980ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕೆಲವರಿಗೆ 10 ವಾರ ಎರಡನ್ನೂ ಕಠಿಣವಾಗಿ ಮಾಡಿಸಲಾಯಿತು. ಅವರ ಬಲ ಮೊದಲು ಏರಿ, ಕೊನೆಯ ವಾರಗಳಲ್ಲಿ ಕುಗ್ಗಿತು. ಓಡುವ ಕಸುವು ಮಾತ್ರ ಕುಂದಲಿಲ್ಲ. ನಾರ್ವೆಯಲ್ಲಿ ನಡೆದು 2008ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ, 8 ವಾರ ಮಿತವಾದ ಆವೃತ್ತಿಗಳಲ್ಲಿ ಹೆಚ್ಚು ಭಾರ ಹೊತ್ತು ಬಸ್ಕಿ ಹೊಡೆದ ಓಟಗಾರರಿಗೆ ಅದೇ ವೇಗಕ್ಕೆ ಬೇಕಾದ ಆಮ್ಲಜನಕ ಸುಮಾರು ನೂರಕ್ಕೆ 5ರಷ್ಟು ಕಡಿಮೆಯಾಯಿತು. ಆದ್ದರಿಂದ ಭಾರವು ಓಟಕ್ಕೆ ಹಗೆಯಲ್ಲ. ಎರಡಕ್ಕೂ ಹಗೆಯಾದುದು ಬಿಡುವಿಲ್ಲದ ದಣಿವು.

ನಮ್ಮ ವಿದ್ಯಾರ್ಥಿಗಳು ಇಲ್ಲಿಯೇ ಎಡವುತ್ತಾರೆ. ಪರೀಕ್ಷೆಗೆ ತಿಂಗಳಿರುವಾಗ ಬೆಳಗ್ಗೆ ಓಡಿ, ಸಂಜೆ ಭಾರ ಎತ್ತಿ, ನಡುವೆ ಮನೆಯ ದುಡಿಮೆಗೂ ಹೆಗಲು ಕೊಡುತ್ತಾರೆ. ರೇಷ್ಮೆಗೂಡಿನ ಚೀಲವನ್ನೂ ತೆಂಗಿನಕಾಯಿಯ ಮೂಟೆಯನ್ನೂ ಹೊತ್ತ ದಿನವು ಭಾರ ಎತ್ತಿದ ದಿನವೇ ಎಂಬುದನ್ನು ಅವರು ಲೆಕ್ಕಕ್ಕೆ ಹಿಡಿಯುವುದಿಲ್ಲ. ದೇಹವು ಮಾತ್ರ ಹಿಡಿಯುತ್ತದೆ.

ನಮ್ಮ ಸಲಹೆ ಸರಳ. ತಿಂಗಳುಗಳ ಮೊದಲೇ ಆರಂಭಿಸಿರಿ. ವಾರಕ್ಕೆ ಎರಡು ದಿನ ಭಾರ, ಮೂರು ದಿನ ಓಟ ಸಾಕು. ವೇಗದ ಓಟ ಮತ್ತು ಹೆಚ್ಚಿನ ಭಾರ ಒಂದೇ ಹೊತ್ತಿನಲ್ಲಿ ಬೇಡ. ಮೂಟೆ ಹೊತ್ತ ದಿನ ವ್ಯಾಯಾಮಶಾಲೆಗೆ ರಜೆ. 400 ಮೀಟರಿನ ಸುತ್ತನ್ನು 97 ಸೆಕೆಂಡಿನಲ್ಲಿ ಸಮವಾಗಿ ಓಡಲು ಕಲಿತವನಿಗೆ 1600 ಮೀಟರು ದಕ್ಕುತ್ತದೆ. ಮೊದಲ ಸುತ್ತಿನಲ್ಲಿಯೇ ಕಸುವನ್ನು ಚೆಲ್ಲಿದವನು ಕೊನೆಯ ಸುತ್ತಿನಲ್ಲಿ ತೆರುತ್ತಾನೆ. ಗರಡಿಮನೆಯ ಉಸ್ತಾದರು ಬಸ್ಕಿಯ ಎಣಿಕೆಯನ್ನು ದಿನಕ್ಕಿಷ್ಟೆಂದು ಮೆಲ್ಲನೆ ಏರಿಸುತ್ತಿದ್ದರು. ಆ ತಾಳ್ಮೆಯನ್ನು ಕಲಿತರೆ ನಮ್ಮ ಮಕ್ಕಳು ಎತ್ತಲೂ ಬಲ್ಲರು, ಓಡಲೂ ಬಲ್ಲರು.