ಕರಿಶಿಲೆಯ ಕೆಳಗಿನ ತೈಲ: ವರ್ತಕ ಸಮುದಾಯ ಕೇಳಬೇಕಾದ ಪ್ರಶ್ನೆ

ಕೊಡಗು ಜಿಲ್ಲೆಗೆ ಇಂದಿಗೂ ರೈಲು ಮಾರ್ಗವಿಲ್ಲ. ಕಾಫಿ, ಕಾಳುಮೆಣಸುಗಳಿಂದ ಹಿಡಿದು ಗೊಬ್ಬರ, ಸಿಮೆಂಟಿನವರೆಗೆ ಸಮಸ್ತ ಸರಕೂ ಲಾರಿಗಳಲ್ಲಿಯೇ ಬಂದುಹೋಗಬೇಕಾಗಿದೆ. ಕೂಡ್ಲೂರಿನ ಕಾಫಿ ಸಂಸ್ಕರಣ ಘಟಕಗಳಾಗಲಿ, ಗೋಣಿಕೊಪ್ಪದ ವರ್ತಕರಾಗಲಿ ಡೀಸೆಲ್ ವೆಚ್ಚದಿಂದ ಪಾರಾಗಲಾರರು. ದೇಶಕ್ಕೆ ಬೇಕಾದ ಕಚ್ಚಾ ತೈಲದಲ್ಲಿ ಶೇ. 85ಕ್ಕೂ ಹೆಚ್ಚು ಭಾಗ ಹೊರಗಿನಿಂದ ಬರುತ್ತಿರುವಾಗ, ತೈಲಶೋಧನೆಯು ಕೇವಲ ಭೂವಿಜ್ಞಾನಿಗಳ ವಿಷಯವಾಗಿ ಉಳಿಯುವುದಿಲ್ಲ. ಅದು ವರ್ತಕನ ಲೆಕ್ಕಪುಸ್ತಕದ ವಿಷಯವೂ ಆಗುತ್ತದೆ.

ಮೊದಲಿಗೆ ಒಂದು ಭ್ರಮೆಯನ್ನು ಬದಿಗಿಡುವುದು ಒಳಿತು. ಕೊಡಗಿನ ನೆಲದಲ್ಲಿ ಪೆಟ್ರೋಲಿಯಂ ದೊರೆಯುವ ಸಂಭವವಿಲ್ಲ. ಇಲ್ಲಿನ ಚಾರ್ನೊಕೈಟ್ ಮತ್ತು ನೈಸ್ ಶಿಲೆಗಳು 300 ಕೋಟಿ ವರ್ಷಗಳಿಗೂ ಹಿಂದಿನವು. ಭೂಮಿಯ ಆಳದ ಶಾಖ ಮತ್ತು ಒತ್ತಡದಲ್ಲಿ ರೂಪುಗೊಂಡವು. ತೈಲ ಹುಟ್ಟುವುದು ಜೀವಿಗಳ ಅವಶೇಷವನ್ನು ಒಳಗೊಂಡ ಜಲಜ ಶಿಲೆಗಳ ಪದರಗಳಲ್ಲಿ. ಅಂತಹ ಪದರಗಳೇ ಇಲ್ಲದ ಕಡೆ ಎಷ್ಟು ಆಳ ಕೊರೆದರೂ ಫಲವಿಲ್ಲ. ಇಂತಹ ನೆಲದಲ್ಲಿ ತೈಲವಿದೆಯೆಂದು ಹೇಳಿ ಬಂಡವಾಳ ಕೇಳುವವರ ಬಗ್ಗೆ ಎಚ್ಚರ ಅಗತ್ಯ.

ಆದರೆ ಕರ್ನಾಟಕದ ಉಳಿದ ಭಾಗದ ಕಥೆ ಬೇರೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ ಗಟ್ಟಿಯಾಗಿ ದಖ್ಖನ್ ಕರಿಶಿಲೆಯಾಯಿತು. ಅದು ಇಂದಿಗೂ ಸುಮಾರು 5 ಲಕ್ಷ ಚದರ ಕಿ.ಮೀ. ಪ್ರದೇಶವನ್ನು ಆವರಿಸಿದೆ. ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ್ ಜಿಲ್ಲೆಗಳ ಬಹುಭಾಗ ಈ ಹೊದಿಕೆಯ ಅಂಚಿನಲ್ಲಿದೆ. ದೇಶದ 26 ಜಲಜ ಶಿಲಾ ಜಲಾನಯನಗಳಲ್ಲಿ ಒಂದೆಂದು ಗುರುತಿಸಲಾದ ಭೀಮಾ–ಕಲಾದಗಿ ಜಲಾನಯನವು ಉತ್ತರಕ್ಕೆ ಇದೇ ಶಿಲೆಯ ಅಡಿಗೆ ಸರಿಯುತ್ತದೆ. ಪಶ್ಚಿಮದ ಕಡಲಿನಲ್ಲಿ ಕೇರಳ–ಕೊಂಕಣ ಜಲಾನಯನದ ಹಳೆಯ ಪದರಗಳ ಮೇಲೂ ಲಾವಾ ಹೊದಿಕೆಯಿದೆ. ಅಲ್ಲಿ ಕೊರೆದ ಬಾವಿಗಳಲ್ಲಿ ವಾಣಿಜ್ಯ ಪ್ರಮಾಣದ ತೈಲ ಇದುವರೆಗೆ ದೊರೆತಿಲ್ಲ.

ಈ ಹೊದಿಕೆ ಶೋಧಕರಿಗೆ ಒಡ್ಡುವ ತೊಡಕು ಸರಳವಾದುದು. ತೈಲ ಹುಡುಕುವವರು ಕೃತಕ ಕಂಪನಗಳನ್ನು ನೆಲದೊಳಗೆ ಕಳುಹಿಸಿ, ಮರಳಿ ಬರುವ ಅಲೆಗಳಿಂದ ಆಳದ ಚಿತ್ರವನ್ನು ರಚಿಸುತ್ತಾರೆ. ಗಟ್ಟಿಯಾದ ಬಸಾಲ್ಟ್ ಆ ಅಲೆಗಳ ಬಹುಪಾಲನ್ನು ಮೇಲಕ್ಕೆ ಹಿಂದಿರುಗಿಸುತ್ತದೆ. ಉಳಿದುದನ್ನು ಲಾವಾದ ಪದರ ಪದರಗಳು ಚದುರಿಸುತ್ತವೆ. ಕೆಳಗಿನ ಚಿತ್ರ ಮಸುಕಾಗುತ್ತದೆ. ಇದರೊಂದಿಗೆ ಕೊರೆಯುವಿಕೆ ನಿಧಾನವಾಗುತ್ತದೆ, ಬಿರುಕುಗಳಲ್ಲಿ ಕೊರೆತದ ದ್ರವ ಸೋರಿಹೋಗುತ್ತದೆ, ಖರ್ಚು ಏರುತ್ತದೆ. ಶಿಲಾರಸದ ಶಾಖವೂ ಇಬ್ಬಗೆಯದು: ಮಿತವಾಗಿದ್ದರೆ ತೈಲವನ್ನು ಪಕ್ವಗೊಳಿಸುತ್ತದೆ, ಮೀರಿದರೆ ಸುಟ್ಟು ಕೆಡಿಸುತ್ತದೆ.

ಹಾಗೆಂದು ಜ್ವಾಲಾಮುಖಿ ಶಿಲೆ ಯಾವಾಗಲೂ ಶತ್ರುವಲ್ಲ. ಗುಜರಾತಿನ ಪಾದ್ರಾದಲ್ಲಿ ಬಿರುಕುಬಿಟ್ಟ ದಖ್ಖನ್ ಶಿಲೆಯಿಂದಲೇ ತೈಲ ಬಂದಿದೆ. ರಾಜಸ್ಥಾನದ ಬಾರ್ಮೇರ್ ಜಲಾನಯನದ ರಾಗೇಶ್ವರಿ ಕ್ಷೇತ್ರದಲ್ಲಿ ಆಳದ ಜ್ವಾಲಾಮುಖಿ ಶಿಲೆಗಳಿಂದ ಅನಿಲ ತೆಗೆಯಲಾಗುತ್ತಿದೆ. ಬ್ರಿಟನ್ನಿನ ಶೆಟ್ಲೆಂಡ್ ದ್ವೀಪಗಳ ಪಶ್ಚಿಮಕ್ಕೆ 2004ರಲ್ಲಿ ಪತ್ತೆಯಾದ ರೋಸ್‌ಬ್ಯಾಂಕ್ ಕ್ಷೇತ್ರದಲ್ಲಿ ತೈಲವಿರುವುದು ಲಾವಾ ಪದರಗಳ ನಡುವಿನ ಮರಳುಗಲ್ಲಿನಲ್ಲಿ. ಬಸಾಲ್ಟ್ ಕಂಡೊಡನೆ ಶೋಧನೆ ಮುಗಿಯಿತೆಂಬ ಹಳೆಯ ತೀರ್ಮಾನವನ್ನು ಈ ಉದಾಹರಣೆಗಳು ಅಲ್ಲಗಳೆಯುತ್ತವೆ.

ಬೀಗ ಹಾಕಿದ ಗೋದಾಮಿಗೆ ಬಾಗಿಲು ನೋಡಿ ಬೆಲೆ ಕಟ್ಟುವ ವರ್ತಕನಿಲ್ಲ. ಒಳಗಿನ ಸರಕು ತಿಳಿಯದೆ ಮುಂಗಡ ಕೊಡುವವನೂ ಇಲ್ಲ. ಬಸಾಲ್ಟ್ ಹೊದ್ದ ಜಲಾನಯನಗಳ ವಿಷಯದಲ್ಲಿಯೂ ಇದೇ ವಿವೇಕ ಬೇಕು. ಬಾಗಿಲು ತೆರೆದು ನೋಡುವ ಖರ್ಚನ್ನು ಯಾವೊಂದು ಖಾಸಗಿ ಕಂಪನಿಯೂ ಸುಲಭವಾಗಿ ಹೊರುವುದಿಲ್ಲ. ಏಕೆಂದರೆ ಮೊದಲು ನೋಡಿದವನ ನಷ್ಟದಿಂದ ನಂತರ ಬಂದವನು ಲಾಭ ಪಡೆಯುತ್ತಾನೆ. ಆದುದರಿಂದ ಪ್ರಾಥಮಿಕ ಸಮೀಕ್ಷೆ ಸಾರ್ವಜನಿಕ ವೆಚ್ಚದಲ್ಲಿಯೇ ನಡೆಯುವುದು ನ್ಯಾಯ. 2016ರಲ್ಲಿ ಆರಂಭವಾದ ರಾಷ್ಟ್ರೀಯ ಭೂಕಂಪನ ಸಮೀಕ್ಷಾ ಕಾರ್ಯಕ್ರಮ ಈ ದಿಕ್ಕಿನಲ್ಲಿ ಸರಿಯಾದ ಹೆಜ್ಜೆಯಾಗಿತ್ತು. ಆದರೆ ಸಾಮಾನ್ಯ ಸಮೀಕ್ಷೆಯೊಂದೇ ಬಸಾಲ್ಟಿನ ಕೆಳಗೆ ಸಾಲದು. ಕಡಿಮೆ ಆವೃತ್ತಿಯ ಕಂಪನ, ಗುರುತ್ವ ಮಾಪನ ಹಾಗೂ ಭೂವಿದ್ಯುತ್ಕಾಂತೀಯ ವಿಧಾನಗಳನ್ನು ಒಟ್ಟುಗೂಡಿಸಿದಾಗ ಮಾತ್ರ ಚಿತ್ರ ಸ್ಪಷ್ಟವಾಗುತ್ತದೆ.

ಇದಕ್ಕೆ ಆಕ್ಷೇಪಣೆಯೂ ಉಂಟು. ದೇಶದಲ್ಲಿ ತೈಲ ದೊರೆತರೂ ದರ ಅಂತರರಾಷ್ಟ್ರೀಯ ಮಾರುಕಟ್ಟೆಯನ್ನೇ ಅನುಸರಿಸುವುದರಿಂದ ಕುಶಾಲನಗರದ ಲಾರಿ ಮಾಲೀಕನಿಗೇನು ಲಾಭ ಎಂದು ಕೇಳಬಹುದು. ಪ್ರಶ್ನೆ ಸಮಂಜಸವಾದುದೇ. ಡೀಸೆಲ್ ಅಗ್ಗವಾಗುತ್ತದೆಂದು ಯಾರೂ ಭರವಸೆ ಕೊಡಲಾರರು. ಆದರೆ ವಿದೇಶೀ ವಿನಿಮಯದ ಹೊರೆ ತಗ್ಗುತ್ತದೆ. ಯುದ್ಧಕಾಲದಲ್ಲಿ ಪೂರೈಕೆಗೆ ಆಸರೆಯಾಗುತ್ತದೆ. ಭೂಭಾಗದ ತೈಲಕ್ಕೆ ಸಂಬಂಧಿಸಿದ ರಾಜಧನ ರಾಜ್ಯ ಸರ್ಕಾರದ ಬೊಕ್ಕಸಕ್ಕೆ ಬರುತ್ತದೆ. ಯಂತ್ರಭಾಗ, ದುರಸ್ತಿ, ಸಾಗಣೆಗಳ ರೂಪದಲ್ಲಿ ಸಣ್ಣ ಉದ್ದಿಮೆಗಳಿಗೂ ಕೆಲಸ ಹುಟ್ಟುತ್ತದೆ. ಫಲ ಶೂನ್ಯವೆಂದು ತಿಳಿದುಬಂದರೂ ಅದು ಉಪಯುಕ್ತ ತಿಳಿವಳಿಕೆಯೇ: ಆ ಹಣವನ್ನು ಬೇರೆ ಇಂಧನಕ್ಕೆ ಹೂಡಬಹುದು.

ವಾಣಿಜ್ಯ ಸಂಘಗಳು ತೆರಿಗೆ, ರಸ್ತೆ, ವಿದ್ಯುತ್ತುಗಳ ಬಗ್ಗೆ ಮನವಿ ಸಲ್ಲಿಸುತ್ತಲೇ ಬಂದಿವೆ. ಆ ಪಟ್ಟಿಗೆ ಇನ್ನೊಂದು ಬೇಡಿಕೆ ಸೇರಬೇಕು: ರಾಜ್ಯದ ಬಸಾಲ್ಟ್ ಹೊದ್ದ ಪ್ರದೇಶದಲ್ಲಿಯೂ ಕರಾವಳಿಯಾಚೆಯ ಕಡಲಿನಲ್ಲಿಯೂ ಏನು ಸಮೀಕ್ಷೆ ನಡೆಯಿತು, ಏನು ಕಂಡಿತು ಎಂಬುದನ್ನು ಸರಳ ಭಾಷೆಯಲ್ಲಿ ಪ್ರಕಟಿಸಬೇಕು. ತೈಲವಿದೆಯೋ ಇಲ್ಲವೋ ಎಂಬುದನ್ನು ಶಿಲೆ ನಿರ್ಧರಿಸುತ್ತದೆ. ನೋಡಬೇಕೋ ಬೇಡವೋ ಎಂಬುದು ಮಾತ್ರ ನಾಗರಿಕರ ಹಾಗೂ ಸರ್ಕಾರದ ಕೈಯಲ್ಲಿದೆ.